ಕಿವಿಯಂತ್ರಕ್ಕೆ ಪ್ರೋಗ್ರಾಮ್ ಬರೆಯುವ ಪಿಸು ಅಕ್ಕ

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಕೆಳಗೆ ಶಟರ್ ಎತ್ತುವ ಗಲಾಟೆ ಶುರುವಾಗುವ ಮೊದಲು ಸಿಗುವ ನಿಶ್ಶಬ್ದಕ್ಕಾಗಿಯೇ ಈ ಹೆಂಗಸು ಇಷ್ಟು ಬೇಗ ಬರುತ್ತಾರೆ. ಗೋಡಂಬಿಯಷ್ಟು ಚಿಕ್ಕ ಶ್ರವಣಯಂತ್ರವೊಂದನ್ನು ಬಟ್ಟೆಯ ಮೇಲಿಟ್ಟು, ಬಗ್ಗಿ, ಗುಟ್ಟು ಹೇಳುವವರಂತೆ ಪಿಸುಗುಟ್ಟುತ್ತಾರೆ: "ಒಂದು, ಎರಡು, ಮೂರು... ಕೇಳ್ತಾ?" ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಗೆರೆಯೊಂದು ನಡುಗುತ್ತದೆ.

ಇಲ್ಲಿನವರಿಗೆಲ್ಲ ಅವರು ಪಿಸು ಅಕ್ಕ. ವಯಸ್ಸು ಐವತ್ತಮೂರು. ಈ ಪುಟ್ಟ ಕಾರ್ಖಾನೆಯಿಂದ ದಿನಕ್ಕೆ ನಲವತ್ತು ಶ್ರವಣಯಂತ್ರಗಳು ಹೊರಡುತ್ತವೆ. ಪ್ರತಿಯೊಂದರ ಚಿಪ್‌ನೊಳಗೆ ಓಡುವ ಪ್ರೋಗ್ರಾಮ್ ಅವರದು. ಡಬ್ಬಿಯ ಮೇಲೆ ಮಾತ್ರ ಅವರ ಹೆಸರಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿ ತಂತಿ ಬೆಸೆಯಲು ಸೇರಿದವರು. ಹನ್ನೊಂದು ವರ್ಷ ಅದೇ ಕೆಲಸ, ಅದೇ ಕುತ್ತಿಗೆನೋವು. ನಿವೃತ್ತರಾದ ಎಂಜಿನಿಯರ್ ಒಬ್ಬರು ಬಿಟ್ಟುಹೋದ ಪುಸ್ತಕಗಳನ್ನು ಮನೆಗೆ ಹೊತ್ತೊಯ್ದರು. "ಓದಿದ್ದು ಅರ್ಥ ಆಗ್ತಿರಲಿಲ್ಲ. ಅರ್ಥ ಆಗೋವರೆಗೂ ಓದಿದೆ, ಇನ್ನೇನು ಮಾಡೋದು?" ಪ್ರೋಗ್ರಾಮ್ ಬರೆಯುವ ಕೆಲಸ ಕೊಡಿ ಎಂದು ಎರಡು ಸಲ ಕೇಳಿದಾಗ ಮಾಲೀಕರು ನಕ್ಕುಬಿಟ್ಟರಂತೆ. ಮೂರನೇ ಸಲ ಕೇಳುವ ಹೊತ್ತಿಗೆ ಆ ಕೆಲಸದಲ್ಲಿದ್ದವನು ಅರ್ಧಕ್ಕೇ ಕೈಕೊಟ್ಟು ಹೋಗಿದ್ದ. ಆಗ ಯಾರೂ ನಗಲಿಲ್ಲ.

ಅವರ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಮಾತು ಮೈಕಿನಿಂದ ಕಿವಿಗೆ ಸೇರುವ ದಾರಿಯಲ್ಲಿ, ಅದನ್ನು ಹದಗೊಳಿಸುವ ಪುಟ್ಟ ಫಂಕ್ಷನ್, ಅಂದರೆ ಪ್ರೋಗ್ರಾಮಿನ ನಾಲ್ಕಾರು ಸಾಲಿನ ತುಣುಕು, ಒಂದು ಸೆಕೆಂಡಿಗೆ ಹದಿನಾರು ಸಾವಿರ ಸಲ ಓಡಬೇಕು. ಪ್ರತಿ ಸಲವೂ ಚಿಪ್ ತನ್ನ ಕೆಲಸ ಬಿಟ್ಟು, ಆ ಫಂಕ್ಷನ್ ಇರುವಲ್ಲಿಗೆ ಹೋಗಿ ಬಂದರೆ ಹೊತ್ತು ಮೀರುತ್ತದೆ. ಅದಕ್ಕೇ ಅದನ್ನು 'ಇನ್‌ಲೈನ್' ಮಾಡುತ್ತಾರೆ. ಅಂದರೆ ಫಂಕ್ಷನ್ನಿನ ಸಾಲುಗಳನ್ನು ಬೇಕಾದ ಜಾಗಕ್ಕೇ ತಂದು ಕೂರಿಸುವುದು.

"ಚಿಟಿಕೆ ಉಪ್ಪಿಗೆ ಪ್ರತಿ ಸಲ ಪಕ್ಕದ ಮನೆಗೆ ಓಡ್ತೀರಾ? ಒಲೆ ಪಕ್ಕ ಒಂದು ಡಬ್ಬಿ ಇಟ್ಕೋತೀರಿ. ಹಾಗಂತ ಕೋಣೆಕೋಣೆಗೂ ಡಬ್ಬಿ ಇಟ್ರೆ ಮಲಗೋಕೆ ಜಾಗ ಎಲ್ಲಿ?" ಈ ಚಿಪ್‌ನ ಜಾಗವಾದರೂ ಎಷ್ಟು? ಮೂವತ್ತೆರಡು ಕಿಲೋಬೈಟು. ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು.

ಮೂರು ವರ್ಷದ ಹಿಂದಿನ ಮಾತು ಬಂದಾಗ ಅಕ್ಕ ಕನ್ನಡಕ ತೆಗೆದಿಡುತ್ತಾರೆ. ಬಾಯ್ಲರ್ ಕಾರ್ಖಾನೆಯ ಸದ್ದಿಗೆ ಕಿವಿ ಕಳೆದುಕೊಂಡ ಅವರ ಯಜಮಾನರು ಹೆಂಡತಿ ಪ್ರೋಗ್ರಾಮ್ ಬರೆದ ಯಂತ್ರವನ್ನೇ ಹಾಕಿಕೊಳ್ಳುತ್ತಿದ್ದರು. ಅಕ್ಕ ಅದಕ್ಕೆ ಹೊಸ ಪ್ರೋಗ್ರಾಮ್ ತುಂಬಿಕೊಟ್ಟ ಮೇಲೆ ಒಂದು ವಾರ ಅವರು ಎಲ್ಲದಕ್ಕೂ "ಹ್ಞೂಂ" ಎನ್ನತೊಡಗಿದರು. "'ಮನೆಗೆ ಬೆಂಕಿ ಬಿದ್ದಿದೆ' ಅಂದೆ. ಅದಕ್ಕೂ ಹ್ಞೂಂ! ಡ್ರಾಯರ್ ಎಳೆದ್ರೆ ಯಂತ್ರ ಅಲ್ಲಿ ಮಲಗಿದೆ." ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿದರಂತೆ: "ಹೊಸದರಲ್ಲಿ ಪಟಪಟ ಅಂತ ಸಿಡಿಯತ್ತೆ ಕಣೇ. ನೀನು ಮಾಡಿದ್ದು, ಹೇಗೆ ಹೇಳಲಿ?"

ಅದೇ ಪ್ರೋಗ್ರಾಮ್ ತುಂಬಿದ ಆರುನೂರು ಯಂತ್ರಗಳು ಕಿವುಡು ಮಕ್ಕಳ ಶಾಲೆಗಳಿಗೆ ಮರುದಿನ ಹೊರಡುವುದಿತ್ತು. ಬೆಳಗಾಗುತ್ತಲೇ ಅಕ್ಕ ಓಡಿಹೋಗಿ ಲಾರಿ ತಡೆದರು. "ಪರೀಕ್ಷೆ ಪಾಸಾಗಿದೆಯಲ್ಲಮ್ಮ!" ಎಂದು ಮಾಲೀಕರು ಕೂಗಾಡಿದರು. "ಪರೀಕ್ಷೆ ಮಾಡಿದ್ದು ನಿಶ್ಶಬ್ದದಲ್ಲಿ ಸಾರ್, ಮಕ್ಕಳಿರೋದು ಗದ್ದಲದಲ್ಲಿ" ಎಂದು ಇವರು ಜಗ್ಗಲಿಲ್ಲ.

ತಾವು ಬರೆದದ್ದನ್ನು ಕಂಪೈಲರ್ ಎಂಬ ತಂತ್ರಾಂಶ ಚಿಪ್‌ಗಾಗಿ ಅನುವಾದಿಸಿಕೊಟ್ಟ ಸಾವಿರಾರು ಸಾಲುಗಳನ್ನು ಅಚ್ಚು ಹಾಕಿಸಿ, ಸ್ಕೇಲ್ ಇಟ್ಟು ಓದಿದರು. ಎರಡನೇ ದಿನ ಮಧ್ಯಾಹ್ನ ತಪ್ಪು ಸಿಕ್ಕಿತು. ತಪ್ಪು ಅವರದೇ. ಜೋರು ಸದ್ದನ್ನು ತಗ್ಗಿಸಲೆಂದು ಆ ಪುಟ್ಟ ಫಂಕ್ಷನ್ನಿಗೆ ತಾವೇ ಒಂಬತ್ತು ಸಾಲು ಸೇರಿಸಿದ್ದರು. ಅದು ದಪ್ಪಗಾಗಿದ್ದೇ ತಡ, ಕಂಪೈಲರ್ ಸದ್ದಿಲ್ಲದೆ ಇನ್‌ಲೈನ್ ಮಾಡುವುದನ್ನು ಕೈಬಿಟ್ಟಿತ್ತು. ಗದ್ದಲದಲ್ಲಿ ಆ ಒಂಬತ್ತು ಸಾಲೂ ಓಡಬೇಕಾದಾಗ ಹೊತ್ತು ಮೀರಿ, ಮಾತು ತುಂಡಾಗಿ ಸಿಡಿಯುತ್ತಿತ್ತು. "ಇನ್‌ಲೈನ್ ಅಂತ ಬರೆಯೋದು ಅಪ್ಪಣೆ ಅಲ್ಲ, ಬರೀ ವಿನಂತಿ. ಪುಸ್ತಕದಲ್ಲಿ ಓದಿದ್ದೆ. ಸೊಕ್ಕಲ್ಲಿ ಮರೆತಿದ್ದೆ."

ಅಪರೂಪಕ್ಕೆ ಬೇಕಾಗುವ ಆ ಒಂಬತ್ತು ಸಾಲನ್ನು ಬೇರೆ ಫಂಕ್ಷನ್ನಾಗಿ ಹೊರಗಿಟ್ಟರು. ಸದಾ ಓಡುವ ನಾಲ್ಕು ಸಾಲು ಮತ್ತೆ ಸ್ವಸ್ಥಾನಕ್ಕೆ ಬಂದವು. ಈ ಸಲದ ಪರೀಕ್ಷೆ ನಡೆದದ್ದು ಬಸ್ ನಿಲ್ದಾಣದಲ್ಲಿ, ಯಜಮಾನರ ಕಿವಿಯಲ್ಲೇ. ಸಿಡಿತ ಹೋಗಿತ್ತು. ನಾಲ್ಕು ದಿನ ತಡವಾಗಿ ಆರುನೂರೂ ಹೊರಟವು. ಮಾಲೀಕರು ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಅಂದಿನಿಂದ ಅಕ್ಕ ಹ್ಞೂಂ ಅನ್ನದೆ ಒಂದು ಡಬ್ಬಿಯೂ ಮೆಟ್ಟಿಲಿಳಿಯುವುದಿಲ್ಲ.

ಈಗಲೂ ಪ್ರತಿ ಬದಲಾವಣೆಯ ನಂತರ ಆ ಅಚ್ಚಿನ ಹಾಳೆಗಳನ್ನು ಅವರು ಓದುತ್ತಾರೆ. ಕಣ್ಣು ಮೊದಲಿನಂತಿಲ್ಲ. ಅಕ್ಷರ ದೊಡ್ಡದಾಗಿದೆ, ಕಟ್ಟು ದಪ್ಪಗಾಗಿದೆ. ಡಬ್ಬಿಯ ಮೇಲೆ ಹೆಸರು ಹಾಕಿಸಬೇಕು ಅನ್ನಿಸುವುದಿಲ್ಲವೇ ಎಂದರೆ ನಗುತ್ತಾರೆ.

"ಹೆಸರು ಯಾಕೆ? ಹಾಕ್ಕೊಂಡ ಮಗು ಅದರೊಳಗೆ ಏನಿದೆ ಅಂತ ಒಂದು ದಿನಾನೂ ಯೋಚಿಸಬಾರದು. ಹಿಂದಿನ ಬೆಂಚಿನವರು ಅಡ್ಡಹೆಸರಿಟ್ಟು ಕರೆದ್ರೆ, ತಕ್ಷಣ ತಿರುಗಿ ಜಗಳಕ್ಕೆ ಹೋಗಬೇಕು. ಆ 'ತಕ್ಷಣ' ಇದೆಯಲ್ಲ, ಅದು ನಂದು."