ಎಲೆತೋಟಕ್ಕೆ ಬರಿಗಾಲಲ್ಲಿ

ಎಲೆತೋಟದೊಳಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ವೀಳ್ಯದ ಬಳ್ಳಿಗಳು ನುಗ್ಗೆ ಮರಗಳನ್ನು ತಬ್ಬಿ ಮೇಲೇರಿರುತ್ತವೆ, ಬಿಸಿಲು ಎಲೆಗಳಲ್ಲಿ ಸೋಸಿ ಹಸಿರಾಗಿ ಇಳಿಯುತ್ತದೆ. ಈಗಲೂ ಕಣ್ಣು ಮುಚ್ಚಿದರೆ ನಾನು ಹತ್ತಿಮತ್ತೂರಿನ ಆ ತೋಟದಲ್ಲೇ ಇರುತ್ತೇನೆ, ಬರಿಗಾಲಲ್ಲಿ.

ಮೊದಲ ಸಲ ಹೋದಾಗ ಮಾತ್ರ ಬೂಟು ಹಾಕಿದ್ದೆ. ಡಿಗ್ರಿ ಮುಗಿಸಿ ಸವಣೂರಿನ ಸಣ್ಣ ಕಚೇರಿಯೊಂದಕ್ಕೆ ಸೇರಿ ತಿಂಗಳಾಗಿತ್ತು. ಎಲೆಯ ಫೋಟೋ ತೆಗೆದರೆ ಮೊಬೈಲಿನ ಕೃತಕ ಬುದ್ಧಿಮತ್ತೆ ರೋಗವನ್ನೂ ಔಷಧವನ್ನೂ ಹೇಳುತ್ತಿತ್ತು. ಅದನ್ನು ಹಿಡಿದು ಊರೂರು ತಿರುಗುವುದು ನನ್ನ ಕೆಲಸ. ಆಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೋಟ ಒಬ್ಬ ಅಜ್ಜಿಯದು. ಅದು ಬಿಟ್ಟರೆ ಆಕೆಗೆ ಬೇರೆ ಆಧಾರವಿರಲಿಲ್ಲ. ಎರಡು ಸಾಲಿನ ಬಳ್ಳಿಗಳು ಸೊರಗಿದ್ದವು, ಮೂರನೆಯ ಸಾಲೂ ಬಾಡತೊಡಗಿತ್ತು. ನಾನು ಸರಸರ ಒಳಗೆ ನುಗ್ಗಿ, ಫೋಟೋ ತೆಗೆದು, ಮೊಬೈಲು ಹೇಳಿದ ಔಷಧದ ಹೆಸರು ಬರೆದುಕೊಟ್ಟೆ. ಅಜ್ಜಿ ನನ್ನ ಬೂಟನ್ನೇ ನೋಡುತ್ತಿದ್ದಳು, ತುಟಿ ಬಿಚ್ಚಲಿಲ್ಲ. ಎಂಥ ಬಿಗುಮಾನದ ಮುದುಕಿ ಎಂದು ಸಿಟ್ಟೇ ಬಂತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಎಲಿ ತ್ವಾಟದಾಗ ಬೂಟ್ ಹಾಕ್ಕೊಂಡು ಹೋಗಿದ್ದೇನ? ಅಲ್ಲಿ ಲಕ್ಷ್ಮಿ ಇರ್ತಾಳ. ದೇವರ ಮನಿಗೆ ಹೋದಂಗ ಹೋಗಬೇಕು. ಇಷ್ಟು ಸಾಲಿ ಕಲತು ಅದೂ ತಿಳೀಲಿಲ್ಲೇನ ನಿನಗ?"

ಮರುದಿನ ಮಂಜು ಕರಗುವ ಮೊದಲೇ ಹೋಗಿ ಬೇಲಿಯ ಹೊರಗೆ ಬೂಟು ಬಿಟ್ಟೆ.

"ತಪ್ಪಾತ್ರಿ ಅಜ್ಜಿ," ಎಂದೆ.

"ಬಾ," ಎಂದಳು, ಅಷ್ಟೇ.

ಇಬ್ಬರೂ ಮೆಲ್ಲಗೆ ನಡೆದೆವು. ಎಲೆಯಿಂದ ಎಲೆಗೆ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕಾಲಡಿಯ ಮಣ್ಣು ಮೆತ್ತಗಿತ್ತು. ಸೊರಗಿದ ಸಾಲಿಗೆ ಬಂದಾಗ ಅಂಗಾಲು ಜುಮ್ಮೆಂದಿತು. ತಣ್ಣನೆಯ ಕೆಸರು. ಮೇಲೆ ಒಣಗಿದ ಎಲೆ ಹಾಸಿದ್ದರಿಂದ ನಿನ್ನೆ ಕಣ್ಣಿಗೆ ಬಿದ್ದಿರಲಿಲ್ಲ.

"ಇಲ್ಲಿ ನೀರು ನಿಲ್ಲತೈತೇನ್ರಿ ಅಜ್ಜಿ?"

"ಹೂಂ. ಬಾಜೂ ಹೊಲದವ್ರು ಬದು ಎತ್ತರ ಮಾಡಿದಾಗಿಂದ ನಿಲ್ಲಾಕತ್ತೈತಿ."

"ನಿನ್ನೆ ಯಾಕ ಹೇಳ್ಲಿಲ್ರಿ?"

"ನೀ ಮೊಬೈಲಿಗೆ ಕೇಳಿದಿ ತಂಗಿ. ನನಗ ಕೇಳಲಿಲ್ಲ."

ಬಗ್ಗಿ ಬಳ್ಳಿಯ ಬುಡ ಕೆದಕಿದೆ, ನಿಂತ ನೀರಿಗೆ ಬೇರು ಕೊಳೆತಿತ್ತು. ಅಂದೇ ಸನಿಕೆ ಹಿಡಿದು ನೀರು ಹೋಗಲು ದಾರಿ ತೋಡಿದೆವು. ಎರಡು ಸಾಲು ಹೋದವು, ಮೂರನೆಯದು ಉಳಿಯಿತು.

ಈಗ ಕಚೇರಿಗೆ ಹೊಸದಾಗಿ ಸೇರುವ ಪದವೀಧರರಿಗೆ ಮೊಬೈಲು ಕೊಡುವವಳು ನಾನೇ. ಕೊಡುವ ಮೊದಲು ಆ ತೋಟಕ್ಕೆ ಕರೆದೊಯ್ಯುತ್ತೇನೆ, ಏನೂ ಹೇಳುವುದಿಲ್ಲ. ಅಜ್ಜಿ ಬೇಲಿಯ ಹತ್ತಿರ ನಿಂತು ಅವರ ಕಾಲು ನೋಡುತ್ತಾಳೆ.