ಸಿಸ್ಟರ್ ಹೇಳಿದ ಸಿನಿಮಾ

ನಮ್ಮ ಹಾಸ್ಟೆಲಿನ ಸಿಸ್ಟರ್ ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಜ್ವರ ನೋಡಲು ಹಣೆ ಮುಟ್ಟಿದರೆ ಅದರ ಗಾಜು ನಮ್ಮ ಮೂಗಿನ ತುದಿಗೆ ತಣ್ಣಗೆ ತಾಕುತ್ತಿತ್ತು. ಅವರು ಮಂಗಳೂರು ಕಡೆಯವರು. ಗಂಗಾವತಿಗೆ ಬಂದ ಹೊಸತರಲ್ಲಿ ಪುಸ್ತಕದ ಕನ್ನಡ ಆಡುತ್ತಿದ್ದರಂತೆ; ಅಡುಗೆಮನೆಯ ಆಯಾಗಳ ಜೊತೆ ರೊಟ್ಟಿ ಬಡಿಯುತ್ತ ನಮ್ಮ ಮಾತು ಕಲಿತರು. "ಯಾಕವಾ, ಉಂಡಿ ಇಲ್ಲೋ?" ಎನ್ನುವಾಗ ಕಣ್ಣು ಮುಚ್ಚಿ ಕೇಳಿದರೆ ಹುಲಿಗಿಯ ಯಾವುದೋ ಅಜ್ಜಿ ಮಾತಾಡಿದಂತೆ.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬಾಡಿಗೆ ವಿಸಿಆರ್ ತರಿಸಿ ಹಳೆಯ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಕಾನ್ವೆಂಟಿನಲ್ಲಿ ಓದುತ್ತಿದ್ದರೂ ಆ ಇಂಗ್ಲಿಷ್ ನಮ್ಮ ಕಿವಿಗೆ ನಿಲುಕುತ್ತಿರಲಿಲ್ಲ. ಸಿಸ್ಟರ್ ಟಿ.ವಿ. ಸದ್ದು ಪೂರ್ತಿ ತಗ್ಗಿಸಿ, ಪಕ್ಕದಲ್ಲಿ ನಿಂತು, ಎಲ್ಲರ ಮಾತನ್ನೂ ತಾವೇ ಆಡುತ್ತಿದ್ದರು. ಉದ್ದ ಕೋಟಿನ ಪೊಲೀಸ್ ಅಧಿಕಾರಿ "ಲಗೂನ ಗಾಡಿ ತೆಗೀಲೇ!" ಎಂದರೆ ಹಾಲ್ ತುಂಬ ನಗು.

ನಾವು ಹತ್ತನೇ ತರಗತಿಯಲ್ಲಿದ್ದಾಗ, ಪರೀಕ್ಷೆ ಹತ್ತಿರ ಬಂದ ಹೊತ್ತಿನಲ್ಲಿ, ನನ್ನ ಪಕ್ಕದ ಮಂಚದ ಗೆಳತಿಗೆ ಜ್ವರ ಬಂತು. ಇರಕಲ್ಲಗಡದವಳು. "ಊರಿಗೆ ಕಳಿಸಿದ್ರ ಮುಗೀತು, ಅಪ್ಪ ತಿರುಗಿ ಸಾಲಿಗೆ ಕಳಸಂಗಿಲ್ಲ. ನೀ ಬಾಯಿ ಬಿಟ್ಟಿ ಅಂದ್ರ ನೋಡು!" ಎಂದು ನನ್ನನ್ನೂ ಹೆದರಿಸಿದ್ದಳು. ಸಿಸ್ಟರ್ ಬರುವುದು ಕಂಡರೆ ಬಚ್ಚಲಿಗೆ ಓಡುವಳು.

ಆ ಶನಿವಾರದ ಸಿನಿಮಾದಲ್ಲಿ ಡಾಕ್ಟರೊಬ್ಬ, ಸಾಯುವಂಥ ಜಡ್ಡು ಹತ್ತಿದವನನ್ನು ಹುಡುಕಿ ಊರೆಲ್ಲ ಅಲೆಯುತ್ತಾನೆ. ಅವನೋ, ತನ್ನನ್ನು ಜೈಲಿಗೆ ಹಾಕುತ್ತಾರೆಂದು ತಪ್ಪಿಸಿಕೊಂಡು ಓಡುತ್ತಾನೆ. ಕೊನೆಗೆ ಸೇತುವೆಯ ಕೆಳಗೆ ಇಬ್ಬರೂ ಎದುರುಬದುರಾದರು. ಸಿಸ್ಟರ್ ದನಿ ಮೆತ್ತಗಾಯಿತು.

"ಯಾಕ ಓಡ್ತಿಯಪಾ? ನಿನ್ನ ಎಲ್ಲಿಗೂ ಕಳಸಂಗಿಲ್ಲ. ಇಲ್ಲೇ ಇಟಗೊಂಡು ಆರಾಮ ಮಾಡ್ತೀನಿ. ನಿಮ್ಮಪ್ಪಗ ನಾ ಹೇಳ್ತೀನಿ."

"ಅಷ್ಟು ದೊಡ್ಡ ಮೀಸಿಯಾಂವಗ ಅಪ್ಪನ ಅಂಜಿಕಿ ನೋಡ್ರೇ!" ಎಂದು ಯಾರೋ ಕಿಸಕ್ಕೆಂದರು. ಹಿಂದಿನಿಂದ ಗೆಳತಿ ಕಂಬಳಿ ಹೊದ್ದೇ ಎದ್ದು ಬಂದು ಸಿಸ್ಟರ್ ಮುಂದೆ ನಿಂತಳು. ಅವರು ಏನೂ ಕೇಳದೆ ಅವಳ ಹಣೆಗೆ ಕೈಯಿಟ್ಟರು.

ಟೈಫಾಯ್ಡ್ ವಿಕೋಪಕ್ಕೆ ಹೋಗಿತ್ತು. ತಮ್ಮ ಕೋಣೆಯಲ್ಲೇ ಮಲಗಿಸಿಕೊಂಡು, ಗಂಜಿ ಕುಡಿಸಿ ಸಿಸ್ಟರ್ ಅವಳನ್ನು ಉಳಿಸಿಕೊಂಡರು. ಟ್ರಂಕು ಒಯ್ಯಲೆಂದೇ ಬಂದಿದ್ದ ಅವಳ ಅಪ್ಪ, ಪಡಸಾಲೆಯಲ್ಲಿ ಅವರೊಡನೆ ಕೂತು ಮಾತಾಡಿ, ಚಹಾ ಕುಡಿದು, ಬರಿಗೈಲಿ ಬಸ್ ಹತ್ತಿದರು. ಗೆಳತಿ ಪರೀಕ್ಷೆ ಬರೆದಳು. ಈಗ ಕನಕಗಿರಿಯಲ್ಲಿ ಶಿಕ್ಷಕಿ.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಅವರನ್ನು ನೆನೆಯುತ್ತ ಮಗಳಿಗೆ ಈ ಕಥೆ ಹೇಳಿದಾಗ ಅವಳು ಆ ಸಿನಿಮಾವನ್ನು ಫೋನಿನಲ್ಲಿ ಹುಡುಕಿ ಹಚ್ಚಿದಳು. ಸೇತುವೆ ಬಂತು. ಡಾಕ್ಟರ್ ತುಟಿಯನ್ನೇ ಬಿಚ್ಚಲಿಲ್ಲ.

ತಕ್ಷಣ ಗೆಳತಿಗೆ ಫೋನ್ ಮಾಡಿದೆ. "ಏ, ಅಲ್ಲಿ ಆ ಡಾಕ್ಟರ್ ಮಾತಽ ಆಡಂಗಿಲ್ಲ!"

"ನನಗ ಆವತ್ತೇ ಗೊತ್ತಿತ್ತು," ಎಂದಳು. "ಸಿಸ್ಟರ್ ಟಿ.ವಿ. ಕಡೆ ನೋಡಾಕತ್ತಿದ್ದಿಲ್ಲ. ನನ್ನ ಕಡೆ ನೋಡಾಕತ್ತಿದ್ರು."