ಸಿಗಡಿ ಶೆಡ್ಡಿನ ತೊಳೆದ ಕೈಗಳು

ಅಲ್ಲ, ನೀವು ಹೇಳುವುದು ತಪ್ಪು. ಸಂಶೋಧನೆಗೆ ದುಡ್ಡು ಸಿಗುವುದು ಅರ್ಜಿ ಬರೆಯುವ ಜಾಣತನದಿಂದ ಎಂದು ವಾದಿಸುವವರು ಕುಲಶೇಖರದ ಕಾರ್ಮಿನ್ ಅವರ ಕತೆ ಕೇಳಿಲ್ಲ ಎಂದೇ ಅರ್ಥ. ಸುಳ್ಳಿರಬಹುದು ಅನ್ನುತ್ತೀರಾ? ಸರಿ, ಸುಳ್ಳು ಕಂಡಲ್ಲಿ ಕೈ ಎತ್ತಿ.

ಕಾರ್ಮಿನ್ ಬಲ್ಮಠದ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ. ಹಾಸಿಗೆ ಹಿಡಿದ ತಾಯಿಯನ್ನು ಎಂಟು ವರ್ಷ ನೋಡಿಕೊಂಡರು. ತಾಯಿ ತೀರಿಕೊಂಡ ದಿನ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಅಳುವಿನ ಹಿಂದೆಯೇ ನಗುವೂ ಹೋಯಿತು, ನಾಲಗೆಯ ರುಚಿಯೂ ಹೋಯಿತು. ಒಮ್ಮೆ ಬಂಗುಡೆ ಮೀನಿನ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿದ್ದಿತ್ತು. ಬೆಕ್ಕು ಮೂಸಿ ಆಚೆ ಹೋಯಿತು, ಕಾರ್ಮಿನ್ ಎರಡನೇ ಸಲ ಬಡಿಸಿಕೊಂಡರು. ಕೈ ಎತ್ತಬೇಡಿ, ಇದು ನಿಜ.

ಆ ಎಂಟು ವರ್ಷಗಳಲ್ಲಿ ಜೊತೆಯವರೆಲ್ಲ ಸಂಶೋಧನೆ ಮಾಡಿ ಮುಂದೆ ಹೋದರು. ಅನುದಾನ ಕೊಡುವ ಸಂಸ್ಥೆಯದ್ದು ನಲವತ್ತೈದು ವಯಸ್ಸಿನ ಮಿತಿ. ಡಿಸೆಂಬರಿಗೆ ಕಾರ್ಮಿನ್‌ಗೆ ನಲವತ್ತಾರು. ಅಂದರೆ ಇದೇ ಕೊನೆಯ ಸಲ.

ವಿಷಯವೇನೋ ಸಿಕ್ಕಿತ್ತು. ಬೈಕಂಪಾಡಿಯ ಒಂದು ಶೆಡ್ಡಿನಲ್ಲಿ ಹೆಂಗಸರು ದಿನವಿಡೀ ಐಸಿನೊಳಗೆ ಕೈಯಿಟ್ಟು ಸಿಗಡಿ ಸುಲಿಯುತ್ತಾರೆ. ಒಳಗೆ ಎಂಥ ಚಳಿಯೆಂದರೆ, ಹೊಕ್ಕ ನೊಣ ಸೀನುತ್ತ ಹೊರಗೆ ಬರುತ್ತದೆ, ಮರುದಿನ ರಜೆ ಹಾಕುತ್ತದೆ. ಆ ಹೆಂಗಸರ ಬೆರಳು ಮರಗಟ್ಟುವುದನ್ನು ಅಧ್ಯಯನ ಮಾಡುವುದೆಂದು ಕಾರ್ಮಿನ್ ಮೂವತ್ತು ಪುಟದ ಅರ್ಜಿ ಬರೆದರು. ಕಾಲೇಜಿನಿಂದ ನಿವೃತ್ತರಾದ ವಿಷ್ಣುಪ್ರಸಾದರಿಗೆ ಓದಲು ಕೊಟ್ಟರು.

ಅವರು ಪುಟ ಮಗುಚುತ್ತಾ ಹೋದರು. “ನರ ಪರೀಕ್ಷೆಯ ಮೆಷಿನ್ ಉಂಟು, ಸಹಾಯಕರು ಉಂಟು, ಓಡಾಡಲು ಕಾರು ಸಹ ಉಂಟು. ಪ್ರಶ್ನೆ ಎಲ್ಲಿ ಉಂಟು?”

“ಕೈ ಮರಗಟ್ಟುತ್ತದಲ್ಲ ಸರ್, ಅದರ ಬಗ್ಗೆ.”

“‘ಬಗ್ಗೆ’ ಅಂದ್ರೆ ಊರಿನ ಹೆಸರು ಮಾರಾಯ್ತಿ, ಮನೆಯ ಅಡ್ರೆಸ್ ಅಲ್ಲ. ನಿಮಗೆ ಎಂತ ಗೊತ್ತಾಗಬೇಕು? ಮೊದಲು ಹೋಗಿ ಹತ್ತು ಕೈ ಮುಟ್ಟಿ ನೋಡಿ ಬನ್ನಿ. ಮೆಷಿನ್ ಆಮೇಲೆ.”

ಅರ್ಜಿ ಕಳಿಸುವ ಕೊನೆಯ ದಿನಕ್ಕೆ ಒಂದು ವಾರ ಉಳಿದಿತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ತಾಗಿಸಿ ಸ್ಪರ್ಶ ಉಂಟೇ ಎಂದು ನೋಡುವ ನೈಲಾನ್ ಎಳೆ ಹಿಡಿದುಕೊಂಡು ಕಾರ್ಮಿನ್ ಶೆಡ್ಡಿಗೆ ಹೋದರು. ಕೆಲಸ ಬಿಟ್ಟ ಮೇಲೆ ಹನ್ನೆರಡು ಹೆಂಗಸರು ಕಣ್ಣು ಮುಚ್ಚಿ ಕೈ ಚಾಚಿದರು. ಎಳೆ ತಾಗಿದಾಗಲೆಲ್ಲ “ಹ್ಞಾಂ” ಎಂದರು. ಹನ್ನೆರಡೂ ಕೈ ಸರಿ. ಮರಗಟ್ಟಿದ ಕೈ ಒಂದೂ ಇಲ್ಲ.

ಮೂವತ್ತು ಪುಟ ನೀರಿಗೆ ಹೋಯಿತು ಎಂದು ಕಾರ್ಮಿನ್‌ಗೆ ಅರ್ಥವಾಯಿತು. ಎದೆ ಮಾತ್ರ ಧಸಕ್ಕೆನ್ನಲಿಲ್ಲ. ಬೇರೆ ಯಾರದ್ದೋ ಅರ್ಜಿ ಎಂಬಂತೆ ಎಳೆಯನ್ನು ಪೆಟ್ಟಿಗೆಯಲ್ಲಿಟ್ಟು ಏಳುವಾಗ, ಕೊನೆಯಲ್ಲಿ ಕೂತಿದ್ದ ಗಿರಿಜಾ ಎಂಬವಳ ಬೆರಳಿನ ಬೊಕ್ಕೆ ಕಣ್ಣಿಗೆ ಬಿತ್ತು.

“ಇದೆಂತ ಗಿರಿಜಾ?”

“ಗಂಜಿ ಪಾತ್ರೆ, ಬಾಯಮ್ಮಾ. ಮನೆಗೆ ಹೋದವಳೇ ಒಲೆಯಿಂದ ಇಳಿಸಿದೆ. ಸುಟ್ಟದ್ದೇ ಗೊತ್ತಾಗ್ಲಿಲ್ಲ.”

“ಈಗ ನೂಲು ತಾಗಿದ್ದು ಗೊತ್ತಾಯ್ತಲ್ಲ?”

“ಈಗ ಗೊತ್ತಾಗದೆ ಎಂತ? ನೀವು ಕೈ ಹಿಡಿದು ನೋಡ್ತೀರಿ ಅಂತ ಎಲ್ಲರೂ ಬಿಸಿನೀರಲ್ಲಿ ಅರ್ಧ ಗಂಟೆ ತಿಕ್ಕಿ ತೊಳೆದದ್ದು. ಲಿಂಬೆ ಸಹ ಹಚ್ಚಿದ್ದೇವೆ. ದೊಡ್ಡ ಕಾಲೇಜಿನವರಿಗೆ ಸಿಗಡಿ ನಾರುವ ಕೈ ಕೊಡ್ಲಿಕ್ಕೆ ಆಗ್ತದಾ?”

“ದಿನಾ ಹೀಗೆ ತೊಳೀತೀರಾ?”

“ದಿನಾ ಬಿಸಿನೀರು ಯಾರು ಕೊಡ್ತಾರೆ? ದಿನಾ ಸೀದಾ ಮನೆಗೆ, ಒಲೆಯ ಎದುರಿಗೆ.”

ಕಾರ್ಮಿನ್ ಮತ್ತೆ ಕೂತರು. ಐಸಿನಿಂದ ಹೊರಬಂದ ಬೆರಳಿಗೆ ಸ್ಪರ್ಶ ತಿರುಗಿ ಬರಲು ಎಷ್ಟು ನಿಮಿಷ ಬೇಕು? ಅಷ್ಟರೊಳಗೆ ಎಷ್ಟು ಮಂದಿ ಕೈ ಸುಟ್ಟುಕೊಳ್ಳುತ್ತಾರೆ? ಶೆಡ್ಡಿನಲ್ಲೇ ಬಿಸಿನೀರು ಇಟ್ಟರೆ ಅದು ತಪ್ಪುತ್ತದೆಯೇ? ಇದಕ್ಕೆ ಮೆಷಿನ್ ಬೇಡ. ಒಂದು ಎಳೆ, ಒಂದು ವಾಚು ಸಾಕು.

ವಿಷ್ಣುಪ್ರಸಾದರು ಕೇಳಿ ಮೇಜು ಕುಟ್ಟಿದರು. “ಈಗ ಸಿಕ್ಕಿತು ನೋಡಿ ಪ್ರಶ್ನೆ! ಆದ್ರೆ ಈ ವಾರ ಕಳಿಸಿದ್ರೆ ನಿಮ್ಮ ಹತ್ರ ಇರುವುದು ಹನ್ನೆರಡು ತೊಳೆದ ಕೈ ಮಾತ್ರ. ಇನ್ನು ಎರಡು ತಿಂಗಳಾದ್ರೂ ನೋಡ್ಬೇಕು.”

ಎರಡು ತಿಂಗಳು ಎಲ್ಲಿಂದ ತರುವುದು? ಶುಕ್ರವಾರ ಸಂಜೆ ಐದಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತದೆ. ಆ ಸಂಜೆ, ಜೊತೆಗೆ ಕಲಿಸುವ ರಂಜಿನಿ ಹಳೆಯ ಅರ್ಜಿಯನ್ನೇ ಕಂಪ್ಯೂಟರಿಗೆ ಏರಿಸಿ ಕಾಯುತ್ತಿದ್ದಳು.

“ಒಂದು ಬಟನ್ ಒತ್ತಿದ್ರೆ ಆಯ್ತು ಮೇಡಂ. ಆ ಹನ್ನೆರಡು ಕೈಯ ಸುದ್ದಿ ಯಾರಿಗೂ ಹೇಳುವುದು ಬೇಡ.”

“ಸಂಸ್ಥೆಯವರು ‘ಪ್ರಶ್ನೆ ಎಂತ’ ಅಂತ ಕೇಳಿದ್ರೆ?”

“ಕೇಳದಿದ್ರೆ?”

“ಕೇಳದೆ ದುಡ್ಡು ಕೊಟ್ರೆ ಇನ್ನೂ ಕಷ್ಟ ರಂಜಿನಿ. ಮೂರು ವರ್ಷ ನಾನು ಎಂತ ಹುಡುಕುವುದು?” ಕಾರ್ಮಿನ್ ಪರದೆ ನೋಡುತ್ತ ಕೂತರು. “ನಿನಗೆ ಮೂವತ್ತೊಂದು. ಮುಂದಿನ ವರ್ಷ ಅರ್ಜಿ ನಿನ್ನ ಹೆಸರಲ್ಲಿ ಹೋಗ್ಲಿ. ಕೈ ನಾನು ಮುಟ್ಟಿ ನೋಡ್ತೇನೆ.”

ಐದಾಯಿತು. ಪರದೆಯಲ್ಲಿ ‘ಅವಧಿ ಮುಗಿದಿದೆ’ ಎಂದು ಬಂತು. ರಂಜಿನಿಯ ಕಣ್ಣಲ್ಲಿ ನೀರು ನಿಂತಿತು. ತನಗೂ ಏನಾದರೂ ಬರಬಹುದೇ ಎಂದು ಕಾರ್ಮಿನ್ ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಚೀಲ ಎತ್ತಿಕೊಂಡು ಬೈಕಂಪಾಡಿಯ ಬಸ್ಸು ಹತ್ತಿದರು. ಶೆಡ್ಡಿನ ಕೆಲಸ ಬಿಡುವುದು ಆರೂವರೆಗೆ. ಇವತ್ತು ಯಾರೂ ಕೈ ತೊಳೆಯಬೇಡಿ ಎಂದು ಗಿರಿಜಾಳಿಗೆ ಮೊದಲೇ ಫೋನು ಮಾಡಿದ್ದರು.

ಮುಂದಿನ ವರ್ಷ ದುಡ್ಡು ಬಂತೇ ಎನ್ನುತ್ತೀರಾ? ಆ ವರ್ಷ ಇನ್ನೂ ಬಂದಿಲ್ಲ ಮಾರಾಯ್ರೇ. ನಿನ್ನೆಗೆ ನಲವತ್ತೊಂದು ಮಂದಿಯನ್ನು ನೋಡಿ ಆಯಿತು. ಗಿರಿಜಾಳ ಬೆರಳಿಗೆ ಸ್ಪರ್ಶ ತಿರುಗಿ ಬರಲು ಹಿಡಿದದ್ದು ಇಪ್ಪತ್ತಾರು ನಿಮಿಷ. ಇನ್ನೊಬ್ಬಳಿಗೆ ಎಷ್ಟೆಂದರೆ, ವಾಚೇ ಬೇಸರಪಟ್ಟು—

“ಅಜ್ಜಾ, ಊಟಕ್ಕೆ ಬನ್ನಿ! ಎಷ್ಟು ಸಲ ಕರೆಯುವುದು?”

ಬಂದೆ, ಬಂದೆ.